ಹೂಗು ಉದುರಿದ ಮತ್ತೆ ಆರ್ಕಿಡಿನ ಪಾಲು

ಒಂದು ವಿಷಯ ನೇರವಾಗಿಯೇ ಹೇಳ್ತೆ. ಓದಿದ ಕೆಲವು ಜೆನಕ್ಕೆ ಪಿಸುರು ಬಕ್ಕು, ಬರಳಿ. ನಮ್ಮ ಊರಿಲ್ಲಿ ಆರ್ಕಿಡ್ ಸೆಸಿಗೊ ಹೆಚ್ಚಾಗಿ ಸಾವದು ಹೂಗು ಉದುರಿದ ಮತ್ತೆ, ಅದೂ ನಮ್ಮ ಕೈಂದಲೇ. ಒಂದೋ "ಮುಗುದತ್ತು" ಹೇಳಿ ತೆಗದು ಅಡಕ್ಕೆ ಮರದ ಬುಡಕ್ಕೆ ಇಡ್ಕುತ್ತು. ಇಲ್ಲದ್ದರೆ ಪೀಶಕತ್ತಿ ತೆಕ್ಕೊಂಡು ಕೊರದು, ಕೇಳಿದವಕ್ಕೆಲ್ಲ ಒಂದೊಂದು ತುಂಡು ಹಂಚುತ್ತು. ಸುರುವಾಣದ್ದು ಉದಾಸೀನ, ಎರಡ್ನೇದು ಧಾರಾಳತನ. ಸೆಸಿಗೆ ಎರಡೂ ಒಂದೇ.

ಮದಲು ಊರಿಲ್ಲಿ ಒಂದೆರಡು ಮನೆಲಿ ಮಾಂತ್ರ ಆರ್ಕಿಡ್ ಕಾಂಬಲೆ ಸಿಕ್ಕಿಗೊಂಡಿದ್ದತ್ತು. ಈಗ ಹಾಂಗಲ್ಲ. ಮನೆ ಒಕ್ಕಲಿಂಗೆ ಹೋಪಗ ಉಡುಗೊರೆ ಹೇಳಿ ಅದನ್ನೇ ಕೊಡ್ತವು. ಮಕ್ಕೊ ಬೆಂಗ್ಳೂರಿಂದ ಬಪ್ಪಗ ಕಾರಿಲ್ಲಿ ಮಡಿಕ್ಕೊಂಡು ಬತ್ತವು. ಪೇಟೆಯ ನರ್ಸರಿಲಿ ದಾಸವಾಳದ ಸೆಸಿಗಳ ಪಕ್ಕಲ್ಲೇ ಸಾಲಾಗಿ ನೇಲ್ಸಿರ್ತವು. ತಂದ ಮತ್ತೆ ಹೂಗು ಒಂದೆರಡು ತಿಂಗಳು ನಿಲ್ಲುತ್ತು. ಅಷ್ಟು ದಿನ ಮನೆಗೆ ಬಂದವಕ್ಕೆಲ್ಲ ತೋರ್ಸುದೇ ತೋರ್ಸುದು, ಫೋಟೋ ತೆಗವದೇ ತೆಗವದು. ಕಡೇ ಹೂಗು ಉದುರಿದ ಮರದಿನಂದ ಆರೂ ತಿರುಗಿ ನೋಡ್ತವಿಲ್ಲೆ. ಒಂದು ತಿಂಗಳು ಕಳುದು ನೋಡಿರೆ ಆ ಚಟ್ಟಿ ಬಚ್ಚಲು ಕೊಟ್ಟಗೆಯ ಹಿಂದೆ ಇಕ್ಕು.

ಇದು ಬಾಳೆಯ ಲೆಕ್ಕ. ಬಾಳೆ ಗೊನೆ ಹಾಕಿತ್ತು, ಗೊನೆ ಕಡುದಾತು, ಅಲ್ಲಿಗೆ ಆ ಬಾಳೆಯ ಕತೆ ಮುಗುದತ್ತು. ಅದರ ಕಡುದು ಬುಡಕ್ಕೆ ಹಾಕುದು ಸರಿಯೇ. ಆದರೆ ಅಡಕ್ಕೆಗೆ ನಾವು ಹಾಂಗೆ ಮಾಡ್ತೋ? ಕೊಯ್ಲು ಆದ ಮತ್ತೆ ಬುಡ ಬಿಡುಸಿ, ಸೊಪ್ಪು ಗೊಬ್ಬರ ಹಾಕಿ, ಬೇಸಗೆಲಿ ನೀರು ಬಿಡ್ತು. ಬಪ್ಪ ವರ್ಷದ ಗೊನೆ ಈಗಾಣ ಕೆಲಸಲ್ಲಿ ಇದ್ದು ಹೇಳಿ ತೋಟ ಇಪ್ಪ ಎಲ್ಲೋರಿಂಗೂ ಗೊಂತಿದ್ದು. ಆರ್ಕಿಡಿನ ನೋಡೆಕ್ಕಾದ್ದು ಅಡಕ್ಕೆಯ ಲೆಕ್ಕಲ್ಲಿ. ಬುಡಲ್ಲಿ ಬಾಳೆಯ ಹಾಂಗೆ ಕಂದು ಬತ್ತು, ಅಪ್ಪು. ಆದರೆ ಕಂದು ಬಂತು ಹೇಳಿ ಹಳೆ ದಂಟು ಸಾಯ್ತಿಲ್ಲೆ. ಇಷ್ಟು ಒಂದು ವಿಷಯ ತಲೆಗೆ ಹೋದರೆ ಅರ್ಧಕ್ಕರ್ಧ ಸೆಸಿ ಒಳಿಗು.

ನಮ್ಮ ಕರಾವಳಿಯ ಹವೆಗೆ ಲಾಯಕ ಹೊಂದಿಗೊಂಬದು ಡೆಂಡ್ರೋಬಿಯಂ. ಹೆಚ್ಚಿನ ಮನೆಗಳಲ್ಲಿ ಇಪ್ಪದೂ ಅದುವೇ, ನೇರಳೆ ಅಥವಾ ಬೆಳಿ ಹೂಗಿಂದು. ಅದರ ದಂಟು ಕಬ್ಬಿನ ಹಾಂಗೆ ಗೆಂಟು ಗೆಂಟು ಇರ್ತು. ಆ ದಂಟಿನ ಒಳ ನೀರುದೇ ಆಹಾರವುದೇ ತುಂಬಿರ್ತು. ಹೂಗು ಬಿಡುವಗ ಸೆಸಿ ಅದರ ಖರ್ಚು ಮಾಡ್ತು. ಹೂಗು ಉದುರಿದ ಮತ್ತೆ ಬುಡಲ್ಲಿ ಹೊಸ ಚಿಗುರು ಹೆರಡ್ತು, ಚಿಗುರು ಬೆಳದು ದಂಟು ಆವುತ್ತು, ದಂಟು ತೋರ ಆಗಿ ತುಂಬಿರೆ ಮಾಂತ್ರ ಇನ್ನಾಣ ಸರ್ತಿ ಹೂಗು. ಹೇಳಿರೆ, ಹೂಗು ಇಲ್ಲದ್ದ ಸಮಯಲ್ಲೇ ಅದಕ್ಕೆ ಕೆಲಸ ಜಾಸ್ತಿ. ನಾವು ನೀರು ನಿಲ್ಲುಸುದೂ ಅಂಬಗಳೇ.

ಆ ಸಮಯಲ್ಲಿ ಅದಕ್ಕೆ ಬೇಕಾದ್ದು ದೊಡ್ಡ ಆರೈಕೆ ಏನಲ್ಲ. ಒಣಗಿದ ಹೂಗಿನ ಕಡ್ಡಿಯ ಮಾಂತ್ರ ಕೊರದು ತೆಗೆಯಿರಿ, ದಂಟಿನ ಮುಟ್ಟೆಡಿ. ಉದಿಯಪ್ಪಗ ನೀರು ಹಾಕಿ, ಹೊತ್ತೋಪಗ ಬೇರು ಒಣಗಿರೆಕ್ಕು. ವಾರಕ್ಕೊಂದರಿ 19:19:19 ಗೊಬ್ಬರ, ಒಂದು ಲೀಟರು ನೀರಿಂಗೆ ಅರ್ಧ ಗ್ರಾಂ ಸಾಕು. ಅದನ್ನೂ ಮದಲು ಬರೇ ನೀರು ಹಾಕಿ ಬೇರಿನ ಚೆಂಡಿ ಮಾಡಿಗೊಂಡು ಮತ್ತೆ ಹಾಕೆಕ್ಕು. ಉದಿಯಪ್ಪಗಾಣ ಎಳೆ ಬೆಶಿಲು ಬೀಳಲಿ, ಮಧ್ಯಾಹ್ನದ ಬೆಶಿಲು ಬೇಡ. ಬೇರಿನ ನೋಡಿಯೇ ಅದರ ಆರೋಗ್ಯ ಹೇಳ್ಲಕ್ಕು. ಒಣಗಿಪ್ಪಗ ಬೆಳ್ಳಂಗೆ, ನೀರು ಬಿದ್ದ ಕೂಡಲೇ ಹಸುರು ಆದರೆ ಒಳ್ಳೆ ಬೇರು. ಕಂದು ಬಣ್ಣಕ್ಕೆ ತಿರುಗಿ, ಒತ್ತಿರೆ ಮೆತ್ತಂಗೆ ಆದರೆ ಕೊಳದ ಬೇರು.

ಇನ್ನು ಎಲೆ ಉದುರಿದ ದಂಟಿನ ಸಂಗತಿ. ಚೆಂದ ಕಾಣ್ತಿಲ್ಲೆ ಹೇಳಿ ಅದರ ಬುಡಂದಲೇ ಕೊರದು ಹಾಕುವವು ಎಷ್ಟು ಜೆನ ಇದ್ದವು! ಮಲ್ಲಿಗೆಯ ಸವರಿದ ಹಾಂಗೆ ಆರ್ಕಿಡಿನ ಸವರ್ಲಾಗ. ಮಲ್ಲಿಗೆಯ ಸವರಿರೆ ಹೊಸ ಗೆಲ್ಲು ಬಂದು ಮುಗುಟು ಜಾಸ್ತಿ ಆವುತ್ತು. ಡೆಂಡ್ರೋಬಿಯಂನ ಬೋಳು ದಂಟು ಹೇಳಿರೆ ಮಳೆಗಾಲಕ್ಕೆ ಹೇಳಿ ಅಟ್ಟಲ್ಲಿ ಮಡಿಕ್ಕೊಂಡ ಅಕ್ಕಿ ಮುಡಿಯ ಹಾಂಗೆ. ಹೊಸ ಚಿಗುರು ತಿಂಬದು ಅದರಿಂದಲೇ. ಉಗುರಿಲ್ಲಿ ರಜ ಕೆರಸಿ ನೋಡಿ. ಒಳ ಹಸುರು ಇದ್ದರೆ ಅದಕ್ಕೆ ಜೀವ ಇದ್ದು, ಬಿಡಿ ಅಲ್ಲೇ. ಎಷ್ಟೋ ಸರ್ತಿ ಆ ಬೋಳು ದಂಟಿನ ಕೊಡಿಲೇ ಇನ್ನೊಂದರಿ ಹೂಗು ಬತ್ತು. ಇಲ್ಲದ್ದರೆ ಗೆಂಟಿಲ್ಲಿ ಒಂದು ಕುಂಞಿ ಸೆಸಿ ಹುಟ್ಟುತ್ತು. ಅದಕ್ಕೆ ಕೇಕಿ ಹೇಳ್ತವು, ಹವಾಯಿ ಭಾಷೆಲಿ ಮಗು ಹೇಳಿ ಅರ್ಥ. ದಂಟು ಪೂರ್ತಿ ಒಣಗಿ, ಸುರುಟಿ, ಕಂದು ಆಗಿ ಟೊಳ್ಳು ಆದರೆ ಮಾಂತ್ರ ತೆಗವಲಕ್ಕು.

ಈಗ ಮುಖ್ಯ ಜಗಳದ ವಿಷಯಕ್ಕೆ ಬತ್ತೆ.

ನಮ್ಮ ಹೆಮ್ಮಕ್ಕಳ ಲೋಕಲ್ಲಿ ಒಂದು ಕ್ರಮ ಇದ್ದು. ಒಂದು ಮನೆಗೆ ಹೋದರೆ ಜಾಲಿನ ಹೂಗಿನ ಸೆಸಿ ನೋಡದ್ದೆ ಬಪ್ಪ ಹಾಂಗಿಲ್ಲೆ. ನೋಡಿರೆ ಕೇಳದ್ದೆ ಬಪ್ಪ ಹಾಂಗಿಲ್ಲೆ. ಕೇಳಿರೆ ಕೊಡದ್ದೆ ಕಳುಸುವ ಹಾಂಗಿಲ್ಲೆ. "ಅತ್ತಿಗೆ, ಇದರ ಒಂದು ಗೆಲ್ಲು ಕೊಡಿ" ಹೇಳಿ ಕೇಳುದು ಎನಗೂ ಕುಶಿಯೇ. ಎನ್ನ ಜಾಲಿಲ್ಲಿಪ್ಪ ದಾಸವಾಳ, ಕ್ರೋಟನ್, ನಂದಬಟ್ಲು ಎಲ್ಲ ಹಾಂಗೆ ಬಂದದೇ. ಪ್ರತಿ ಸೆಸಿಗೂ ಒಂದು ಮನೆಯ ಹೆಸರು ಇದ್ದು. ಇದು ಒಳ್ಳೆ ಕ್ರಮ, ಪೈಸೆ ಇಲ್ಲದ್ದೆ ನೆಡವ ವ್ಯವಹಾರ. ಆ ಕ್ರಮವ ಆನು ಬೈತ್ತಿಲ್ಲೆ.

ಆದರೆ ದಾಸವಾಳದ ಕ್ರಮವ ಆರ್ಕಿಡಿಂಗೆ ತಂದರೆ ಅದು ಕೊಲೆ. ದಾಸವಾಳದ ಒಂದು ಗೇಣು ಗೆಲ್ಲಿನ ಮಳೆಗಾಲಲ್ಲಿ ಎಲ್ಲಿ ಕುತ್ತಿರೂ ಬೇರು ಬತ್ತು. ಕೊಟ್ಟ ಮನೆಯ ಸೆಸಿಗೂ ಏನೂ ಅಪ್ಪಲಿಲ್ಲೆ, ಎರಡು ತಿಂಗಳಿಲ್ಲಿ ಗೆಲ್ಲು ಚಿಗುರ್ತು. ಆರ್ಕಿಡಿಲ್ಲಿ ಒಂದು ದಂಟು ಬೆಳದು ಹೂಗು ಬಿಡೆಕ್ಕಾದರೆ ಹೆಚ್ಚು ಕಮ್ಮಿ ಒಂದು ವರ್ಷ ಬೇಕು. ಎಂಟು ದಂಟು ಇಪ್ಪ ಒಂದು ಚಟ್ಟಿ ಹೇಳಿರೆ ಆರೋ ಒಬ್ಬ ಹೆಮ್ಮಕ್ಕೊ ನಾಲ್ಕೈದು ವರ್ಷ ನೀರು ಹಾಕಿದ ಲೆಕ್ಕ. ಅದರ ಎಂಟು ಮನೆಗೆ ಒಂದೊಂದು ದಂಟು ಹೇಳಿ ಹಂಚಿರೆ ಎಂತ ಆವುತ್ತು? ಒಂಟಿ ದಂಟಿಲ್ಲಿ ಹೊಸ ಚಿಗುರಿನ ಸಾಂಕುವಷ್ಟು ತ್ರಾಣ ಇರ್ತಿಲ್ಲೆ. ಒಂದೋ ಸಾಯ್ತು, ಇಲ್ಲದ್ದರೆ ಕಡ್ಡಿಯ ಹಾಂಗಿಪ್ಪ ಚಿಗುರು ಬಿಟ್ಟು ಮೂರು ವರ್ಷ ಹೂಗಿಲ್ಲದ್ದೆ ಕೂರ್ತು. ಎಂಟು ಮನೆಲಿಯೂ "ಆರ್ಕಿಡ್ ಎಂಗೊಗೆ ಆಗಿಬತ್ತಿಲ್ಲೆ" ಹೇಳಿ ಹೇಳುಗು. ಮೂಲ ಮನೆಯ ಚಟ್ಟಿಯೂ ಖಾಲಿ.

ಜಾಗೆ ಪಾಲು ಅಪ್ಪಗ ನಾವು ಎಷ್ಟು ನೋಡ್ತು ಹೇಳಿ ಆಲೋಚನೆ ಮಾಡಿ. ಬಾವಿ ಆರ ಪಾಲಿಂಗೆ, ತೋಟಕ್ಕೆ ನೀರು ಎಲ್ಲಿಂದ, ಗಾಡಿ ಬಪ್ಪ ದಾರಿ ಎತ್ಲಾಗಿಂದ, ಇಷ್ಟೆಲ್ಲ ಸರಿ ಆಗದ್ದೆ ಒಬ್ಬನೂ ಕಾಗದಕ್ಕೆ ಸೈನು ಹಾಕ°. ನೀರುದೇ ದಾರಿಯುದೇ ಇಲ್ಲದ್ದ ಪಾಲು ಪಾಲೇ ಅಲ್ಲ ಹೇಳಿ ಹೇಳುಗು. ಅದೇ ಮನೆಲಿ ಆರ್ಕಿಡಿನ ಪಾಲು ಮಾಡುವಗ ಬೇರು ಇದ್ದೋ ಚಿಗುರು ಇದ್ದೋ ಹೇಳಿಯೂ ನೋಡ್ತವಿಲ್ಲೆ. ಸೆಸಿಯ ಪಾಲಿಂಗೂ ನೀರು ಬೇಕು, ದಾರಿ ಬೇಕು. ನೀರು ಹೇಳಿರೆ ಹಳೆ ದಂಟುಗೊ, ದಾರಿ ಹೇಳಿರೆ ಹೊಸ ಬೇರು. ಒಂದು ಪಾಲಿಲ್ಲಿ ಕಮ್ಮಿಲಿ ಮೂರು ದಂಟು, ನಾಲ್ಕು ಇದ್ದರೆ ಒಳ್ಳೆದು. ಅದರಲ್ಲಿ ಒಂದಾದರೂ ಹೊಸ ಚಿಗುರು. ಈ ಲೆಕ್ಕಲ್ಲಿ ಎಂಟು ದಂಟಿನ ಚಟ್ಟಿ ಎರಡು ಪಾಲು ಅಪ್ಪಲಕ್ಕು, ಅಷ್ಟೇ. ಒಂದು ಮನೆಲಿ ಒಳಿವದು, ಒಂದು ಕೊಡುದು. ಬಾಕಿ ಏಳು ಮನೆಯವು ಕಾಯೆಕ್ಕು.

ಕಾಯಿರಿ ಹೇಳಿರೆ ಪಿಸುರು. ಎನ್ನ ಹತ್ರಾಣ ಸಂಬಂಧದ ಒಂದು ಅತ್ತಿಗೆ ಇದೇ ಕಾರಣಕ್ಕೆ ಎನ್ನತ್ರೆ ಒಂದು ವರ್ಷ ಸರಿ ಮಾತಾಡಿದ್ದಿಲ್ಲೆ. ಜೆಂಬಾರಕ್ಕೆ ಬಂದಿಪ್ಪಗ ಎನ್ನ ನೇರಳೆ ಆರ್ಕಿಡಿನ ಕೇಳಿತ್ತು. ಜುಲೈ ತಿಂಗಳು, ಹೆರ ಮಳೆ ಎರದ ಹಾಂಗೆ ಸೊಯಿಪ್ಪಿಗೊಂಡಿದ್ದು, ಸೆಸಿಲಿ ಇಪ್ಪದು ನಾಲ್ಕೇ ದಂಟು. "ಈಗ ಕೊರದರೆ ಕೊಳೆಗು ಅತ್ತಿಗೆ, ಬಪ್ಪ ಎಪ್ರಿಲಿಂಗೆ ನಿಂಗಳ ಹೆಸರಿಲ್ಲಿ ಒಂದು ಪಾಲು ಮಡುಗುತ್ತೆ" ಹೇಳಿದೆ. "ಒಂದು ಹೂಗಿನ ಸೆಸಿಗೂ ಇಷ್ಟು ಪಿಟ್ಟಾಸುತನವೋ" ಹೇಳಿ ಹತ್ತು ಜೆನರ ಎದುರು ಹೇಳಿತ್ತು. ಎನಗೆ ಬೇಜಾರ ಆತು. ಆದರೆ ಕೊಟ್ಟಿದಿಲ್ಲೆ. ಇಂದೂ ಆರು ಮಳೆಗಾಲಲ್ಲಿ ಕೇಳಿರೂ ಆನು ಕೊಡ್ತಿಲ್ಲೆ. ಸಾವಲಿಪ್ಪದರ ಕೊಟ್ಟು ಒಳ್ಳೆ ಹೆಸರು ತೆಕ್ಕೊಂಬದಕ್ಕೆ ಎನ್ನ ಮನಸ್ಸು ಒಪ್ಪುತ್ತಿಲ್ಲೆ.

ಕೇಳುವವಕ್ಕೆ ಒಂದು ಮಾತು. ಸೆಸಿ ಕೊಡದ್ದವೆಲ್ಲ ಪಿಟ್ಟಾಸುಗೊ ಅಲ್ಲ. ಕೊಡುವವಕ್ಕೆ ಎರಡು ಮಾತು. ಒಂದು, ದಾಕ್ಷಿಣ್ಯಕ್ಕೆ ಬಸುರಾಗೆಡಿ ಹೇಳಿ ಗಾದೆಯೇ ಇದ್ದನ್ನೆ, ದಾಕ್ಷಿಣ್ಯಕ್ಕೆ ಸೆಸಿಯನ್ನೂ ಕೊರೆಯೆಡಿ. ಎರಡು, ಬರಿಗೈಲಿ ಕಳುಸುಲೆ ಮನಸ್ಸು ಬಾರದ್ದರೆ ನೆಲಲ್ಲಿ ಬೆಳವ ಆರ್ಕಿಡ್ ಇದ್ದಲ್ಲದೋ, ತೆಂಗಿನ ಸಸಿಯ ಹಾಂಗೆ ನೆರಿ ನೆರಿ ಎಲೆ, ನೇರಳೆ ಹೂಗು, ಸ್ಪಾಥೋಗ್ಲಾಟಿಸ್ ಹೇಳುವ ಜಾತಿ, ಅದರ ಕೊಡಿ. ಅದು ಮಣ್ಣಿಲ್ಲೇ ಬೆಳೆತ್ತು, ಬುಡಲ್ಲಿ ಗೆಡ್ಡೆ ಬೇಗ ಬೇಗ ಹೆಚ್ಚುತ್ತು, ಪಾಲು ಮಾಡಿರೂ ತಡೆತ್ತು. ಡೆಂಡ್ರೋಬಿಯಂನ ಕೇಕಿಯೂ ಕೊಡ್ಳಕ್ಕು. ಅದರ ಬೇರು ಎರಡು ಮೂರು ಇಂಚು ಉದ್ದ ಅಪ್ಪನ್ನಾರ ಅಬ್ಬೆ ಸೆಸಿಲೇ ಬಿಟ್ಟು, ಮತ್ತೆ ತಿರ್ಪಿ ತೆಗದರೆ ಆತು. ಅಬ್ಬೆ ಸೆಸಿಗೆ ಏನೂ ಆವುತ್ತಿಲ್ಲೆ.

ಇನ್ನೊಂದು ತಪ್ಪು, ಎಲ್ಲಾ ಆರ್ಕಿಡನ್ನೂ ಪಾಲು ಮಾಡ್ಳಕ್ಕು ಹೇಳಿ ಗ್ರೇಶುದು. ಉಡುಗೊರೆಯಾಗಿ ಬಪ್ಪದು ಹೆಚ್ಚಾಗಿ ಫಲೆನಾಪ್ಸಿಸ್, ಅಗಲ ಎಲೆ, ಚಿಟ್ಟೆಯ ಹಾಂಗಿಪ್ಪ ಹೂಗು. ಅದಕ್ಕೆ ಇಪ್ಪದು ಒಂದೇ ಬೆಳವ ಕೊಡಿ. ಅದರ ಮಧ್ಯಲ್ಲಿ ಕೊರದು ಎರಡು ಮಾಡ್ತೆ ಹೇಳಿ ಹೆರಟರೆ ಮನುಷ್ಯನ ಎರಡು ಸೀಳಿದ ಹಾಂಗೆ. ಹೂಗು ಉದುರಿದ ಮತ್ತೆ ಸೆಸಿ ಗಟ್ಟಿ ಇದ್ದರೆ ಹೂಗಿನ ಕಡ್ಡಿಯ ಬುಡಂದ ಎರಡು ಮೂರು ಗೆಂಟು ಬಿಟ್ಟು ಮೇಲಂದ ಕೊರದರೆ ಪಕ್ಕಂದ ಇನ್ನೊಂದು ಕಡ್ಡಿ ಬಪ್ಪಲೂ ಸಾಕು. ಎಲೆ ಬಾಡಿದ್ದರೆ ಕಡ್ಡಿಯ ಪೂರ್ತಿ ತೆಗದು ಸೆಸಿಗೆ ವಿಶ್ರಾಂತಿ ಕೊಡಿ. ಹೊಸ ಕಡ್ಡಿ ಹಾಕೆಕ್ಕಾದರೆ ಅದಕ್ಕೆ ಕೆಲವು ವಾರ ಸುಮಾರು 25 ಡಿಗ್ರಿಂದ ಕಮ್ಮಿ ತಂಪು ಬೇಕು. ಅದಕ್ಕೇ ಬೆಂಗ್ಳೂರಿಲ್ಲಿ ಮಗಳ ಬಾಲ್ಕನಿಲಿ ಸುಲಭಲ್ಲಿ ಹೂಗು ಬಿಡುವ ಸೆಸಿ ಇಲ್ಲಿ ಕರಾವಳಿಲಿ ಎಲೆ ಮಾಂತ್ರ ಬಿಟ್ಟೊಂಡು ಕೂಪದು. ಅದು ನಿಂಗಳ ಕೈಗುಣದ ದೋಷ ಅಲ್ಲ. ಸಾಯ್ಸುವ ಬದಲು ಮಗಳ ಮನಗೇ ಕಳುಸಿ.

ವಾಂಡಾ ಜಾತಿಯೂ ಹಾಂಗೆ, ಒಂದೇ ದಂಟು ಮೇಲೆ ಮೇಲೆ ಬೆಳವದು. ಅದು ಉದ್ದ ಆಗಿ, ಮೇಲಾಣ ಭಾಗಲ್ಲಿ ಮೂರು ನಾಲ್ಕು ಒಳ್ಳೆ ಬೇರು ಇದ್ದರೆ, ಆ ಬೇರುಗಳ ಕೆಳಂದ ಕೊರದು ಬೇರೆ ಮಾಡ್ಳಕ್ಕು. ಬುಡವ ಇಡ್ಕೆಡಿ, ಅಲ್ಲಿ ಪಕ್ಕಂದ ಕುಂಞಿಗೊ ಬತ್ತವು. ಬೇರು ಇಲ್ಲದ್ದ ತಲೆ ಕೊರದರೆ ಅದು ಬರೇ ಕಸವು. ಅರುಶಿನ ಬಣ್ಣದ ಸಣ್ಣ ಸಣ್ಣ ಹೂಗಿನ ಒನ್ಸಿಡಿಯಂಗೆ ಬುಡಲ್ಲಿ ಚಪ್ಪಟೆ ಗೆಡ್ಡೆಗೊ ಇರ್ತು, ಅದಕ್ಕೆ ಡೆಂಡ್ರೋಬಿಯಂನ ಲೆಕ್ಕವೇ, ಒಂದು ಪಾಲಿಂಗೆ ಮೂರು ಗೆಡ್ಡೆ.

ಪಾಲು ಮಾಡುದು ಏವಗ ಹೇಳಿ ಕೇಳಿರೆ ಪಂಚಾಂಗ ನೋಡೆಡಿ, ಬುಡ ನೋಡಿ. ಹೂಗು ಪೂರ್ತಿ ಮುಗುದಿರೆಕ್ಕು. ಹೊಸ ಚಿಗುರು ಎರಡು ಇಂಚು ಬಂದು, ಅದರ ಬುಡಲ್ಲಿ ಬೇರಿನ ಹಸುರು ಕೊಡಿ ಆಗಷ್ಟೇ ಇಣ್ಕೆಕ್ಕು. ಅದುವೇ ಮುಹೂರ್ತ. ವರ್ಷಕ್ಕೆ 3500 ಮಿಲಿಮೀಟರಿಂದ ಹೆಚ್ಚು ಮಳೆ ಬಪ್ಪ ದಕ್ಷಿಣ ಕನ್ನಡಲ್ಲಿ ಜೂನಿಂದ ಅಗೋಸ್ತು ವರೆಗೆ ಕತ್ತಿ ಮುಟ್ಳೇ ಆಗ. ಮಾರ್ಚಿ, ಎಪ್ರಿಲಿಲ್ಲಿ ಮಾಡಿರೆ ಮಳೆ ಹಿಡಿವ ಮದಲು ಬೇರು ಹಿಡಿತ್ತು. ತಪ್ಪಿರೆ ಮಳೆ ಬಿಟ್ಟ ಮತ್ತೆ ಸೆಪ್ಟೆಂಬರು, ಅಕ್ಟೋಬರಿಲ್ಲಿ. ಪ್ರತಿ ವರ್ಷ ಪಾಲು ಬೇಡ. ಚಟ್ಟಿ ತುಂಬಿ ದಂಟು ಹೆರ ಬಿದ್ದಪ್ಪಗ, ಇಲ್ಲದ್ದರೆ ಒಳಾಣ ಸಿಪ್ಪೆ ಕೊಳದು ಹೊಡಿ ಆದಪ್ಪಗ, ಎರಡು ಮೂರು ವರ್ಷಕ್ಕೊಂದರಿ ಸಾಕು.

ಕೆಲಸ ಹೀಂಗೆ. ಚಟ್ಟಿಯ ಅರ್ಧ ಗಂಟೆ ನೀರಿಲ್ಲಿ ಮಡುಗಿ, ಬೇರು ಮೆತ್ತಂಗೆ ಆಗಿ ಚಟ್ಟಿಂದ ಬಿಡ್ತು. ಎಳದು ಹರಿಯೆಡಿ. ಕೊಳದ ಬೇರಿನ ತೆಗೆಯಿರಿ. ಕತ್ತಿಯ ಗ್ಯಾಸಿನ ಕಿಚ್ಚಿಲ್ಲಿ ಕಾಸಿ, ತಣುದ ಮತ್ತೆ ಕೊರೆಯಿರಿ. ಒಂದು ಸೆಸಿ ಆಗಿ ಇನ್ನೊಂದು ಸೆಸಿಗೆ ಹೋಪ ಮದಲು ಪುನಾ ಕಾಸಿ. ಇದು ಮಡಿ ಅಲ್ಲ, ಆರ್ಕಿಡಿಂಗೆ ಬಪ್ಪ ಮೊಸಾಯಿಕ್ ವೈರಸು ಕತ್ತಿಂದಲೇ ಸೆಸಿಂದ ಸೆಸಿಗೆ ದಾಂಟುತ್ತು, ಒಂದರಿ ಬಂದರೆ ಮದ್ದಿಲ್ಲೆ. ಒಂದೇ ಪೀಶಕತ್ತಿ ನಾಲ್ಕು ಮನೆಯ ಆರ್ಕಿಡಿಂಗೆ ತಿರುಗಿರೆ ನಾಲ್ಕು ಮನೆಗೂ ರೋಗ ಹಂಚಿದ ಹಾಂಗೆ. ಕೊರದ ಗಾಯಕ್ಕೆ ರಜ ದಾಲ್ಚೀನಿ ಹೊಡಿ ಉದ್ದಿ, ಬೇರಿಂಗೆ ಅದು ತಾಗದ್ದ ಹಾಂಗೆ ನೋಡಿಗೊಳ್ಳಿ, ಅದು ಬೇರಿನ ಒಣಗುಸುತ್ತು. ಒಂದು ದಿನ ನೆರಳಿಲ್ಲಿ ಗಾಯ ಒಣಗಲಿ.

ಚಟ್ಟಿಗೆ ಮಣ್ಣು ಹಾಕುವವು ಈಗಳೂ ಇದ್ದವು! ಈ ಸೆಸಿಗೊ ಕಾಡಿಲ್ಲಿ ಮರದ ತೊಗಟೆಲಿ ಗಾಳಿಗೆ ಬೇರು ಬಿಟ್ಟೊಂಡು ಬದ್ಕುವಂಥದ್ದು. ಮಣ್ಣಿಲ್ಲಿ ಬೇರಿಂಗೆ ಉಸುಲು ಕಟ್ಟುತ್ತು. ಇದ್ದಿಲು, ಮಂಗ್ಳೂರು ಓಡಿನ ತುಂಡು, ರಜ ತೆಂಗಿನಕಾಯಿ ಸಿಪ್ಪೆಯ ತುಂಡು, ಇಷ್ಟೇ. ನಮ್ಮ ಮಳೆಗೆ ಇದ್ದಿಲು ಮತ್ತೆ ಓಡೇ ಜಾಸ್ತಿ ಬೇಕು, ಸಿಪ್ಪೆ ಜಾಸ್ತಿ ಆದರೆ ನೀರು ಹಿಡ್ಕೊಂಡು ಕೊಳೆತ್ತು. ಸಿಪ್ಪೆಯ ನಾಲ್ಕೈದು ದಿನ ನೀರಿಲ್ಲಿ ಹಾಕಿ, ದಿನಾ ನೀರು ಬದಲ್ಸಿ, ಚೊಗರು ಹೋದ ಮತ್ತೆ ಉಪಯೋಗುಸಿ. ಹಳೆ ದಂಟಿನ ಚಟ್ಟಿಯ ಕರೆಗೆ ತಾಗ್ಸಿ, ಹೊಸ ಚಿಗುರು ಮಧ್ಯಕ್ಕೆ ಮೋರೆ ಮಾಡುವ ಹಾಂಗೆ ಕೂರುಸಿ. ಚಿಗುರಿನ ಬುಡವ ಹುಗಿಯೆಡಿ. ಅಲುಗದ್ದ ಹಾಂಗೆ ಒಂದು ಕೋಲಿಂಗೆ ಕಟ್ಟಿ. ಅಲುಗಿರೆ ಹೊಸ ಬೇರಿನ ಕೊಡಿ ಮುರಿತ್ತು. ಎರಡು ಮೂರು ದಿನ ನೀರು ಬೇಡ, ಮತ್ತೆ ರಜ ರಜ. ಹೊಸ ಬೇರು ಕಾಂಬನ್ನಾರ ಗೊಬ್ಬರ ಬೇಡವೇ ಬೇಡ.

"ಇಷ್ಟು ರಗಳೆ ಎಂತಕೆ, ಪೈಸೆ ಕೊಟ್ಟರೆ ಅಂಗಡಿಲಿ ಹೊಸತ್ತು ಸಿಕ್ಕುತ್ತಿಲ್ಲೆಯೋ" ಹೇಳುವವು ಇದ್ದವು. ಸಿಕ್ಕುತ್ತು. ಹೇಂಗೆ ಸಿಕ್ಕುತ್ತು ಹೇಳಿಯೂ ರಜ ತಿಳ್ಕೊಳ್ಳಿ. ಆರ್ಕಿಡಿನ ಬಿತ್ತು ಧೂಳಿನ ಹಾಂಗೆ, ಒಂದು ಕಾಯಿಲಿ ಸಾವಿರಗಟ್ಲೆ, ಕೆಲವು ಜಾತಿಲಿ ಲಕ್ಷಗಟ್ಲೆ ಇರ್ತು. ಆದರೆ ಆ ಬಿತ್ತಿನ ಒಳ ಮೊಳಕೆಗೆ ಬೇಕಾದ ಆಹಾರವೇ ಇಲ್ಲೆ. ಕಾಡಿಲ್ಲಿ ಒಂದು ಜಾತಿಯ ಶಿಲೀಂಧ್ರ ಅದಕ್ಕೆ ಉಣುಸೆಕ್ಕು, ಹಾಂಗಾಗಿ ಲಕ್ಷಲ್ಲಿ ಒಂದೆರಡು ಸೆಸಿ ಅಪ್ಪದೇ ಪುಣ್ಯ. 1922ರಲ್ಲಿ ಅಮೇರಿಕದ ಲೂಯಿಸ್ ನಡ್ಸನ್ ಹೇಳುವ ವಿಜ್ಞಾನಿ ಶಿಲೀಂಧ್ರ ಇಲ್ಲದ್ದೆ, ಸಕ್ಕರೆ ಹಾಕಿದ ಪಾಕಲ್ಲಿ ಬಿತ್ತು ಮೊಳಕೆ ಬರುಸಲೆ ಎಡಿತ್ತು ಹೇಳಿ ತೋರ್ಸಿದ°. ಆ ಮತ್ತೆಯೇ ಇಷ್ಟು ಸೆಸಿ ಲೋಕಲ್ಲಿ ಆದ್ದು. ಅಷ್ಟಾದರೂ ಕುಪ್ಪಿಯ ಒಳಾಣ ಕುಂಞಿ ಸೆಸಿ ಹೂಗು ಬಿಡೆಕ್ಕಾದರೆ ವರ್ಷಗಟ್ಲೆ ಬೇಕು. ಆರೋ ಅಷ್ಟು ವರ್ಷ ಬೆಳಶಿ ಕೊಟ್ಟದರ ಎರಡು ತಿಂಗಳಿಲ್ಲಿ ಇಡ್ಕಿ ಇನ್ನೊಂದು ತಪ್ಪದು ಎಂತ ದೊಡ್ಡಸ್ತಿಕೆ? ಪೈಸೆ ನಿಂಗಳದ್ದೇ, ಒಪ್ಪುವ. ಸಮಯ ನಿಂಗಳದ್ದಲ್ಲ.

ಇದರಿಂದಲೂ ದೊಡ್ಡ ಅನ್ಯಾಯ ಒಂದು ಇದ್ದು. ಅಂಗಡಿಂದು ಸತ್ತಪ್ಪಗ ಕೆಲವು ಜೆನ ಕಾಡಿಂದ ಕೀಳುಸಲೆ ಸುರು ಮಾಡ್ತವು. ಸೀತಾಳೆ ದಂಡೆ ನಮ್ಮ ಮಾವಿನ ಮರ, ಹಲಸಿನ ಮರಂಗಳಲ್ಲಿ ಮಳೆ ಸುರು ಅಪ್ಪ ಹೊತ್ತಿಂಗೆ ನರಿ ಬಾಲದ ಹಾಂಗೆ ನೇಲುವ ಹೂಗು. ಅಸ್ಸಾಂ ಮತ್ತೆ ಅರುಣಾಚಲ ಪ್ರದೇಶಲ್ಲಿ ಅದು ರಾಜ್ಯದ ಹೂಗು. ಅಸ್ಸಾಮಿನ ಹೆಮ್ಮಕ್ಕೊ ಬಿಹು ಕೊಣಿವಗ ತಲಗೆ ಸೂಡುತ್ತವು. ನಮ್ಮಲ್ಲಿ ಅದರ ಹೂಗು ಕಂಡ ಕೂಡಲೇ ಏಣಿ ಮಡುಗಿ, ಬೇರು ಹರುದು ತಂದು ಸಿಟೌಟಿಲ್ಲಿ ತಂತಿಲಿ ಕಟ್ಟಿ ನೇಲ್ಸುತ್ತವು. ಅದರ ಬೇರು ತೊಗಟೆಗೆ ಅಂಟಿಗೊಂಡಿರ್ತು, ಕಿತ್ತರೆ ಹರಿವದೇ. ಹರುದ ಬೇರಿನ ಸೆಸಿ ಒಂದು ಬೇಸಗೆ ದಾಂಟುದು ಕಷ್ಟ. ಮರಲ್ಲಿ ಹತ್ತಾರು ವರ್ಷ ಇದ್ದದು ಸಿಟೌಟಿಲ್ಲಿ ಹತ್ತು ತಿಂಗಳು. ಮೀಸಲು ಅರಣ್ಯಂದ ಅನುಮತಿ ಇಲ್ಲದ್ದೆ ಕೀಳುದು ಅಪರಾಧವೂ ಅಪ್ಪು. ಮಾರ್ಗ ಅಗಲ ಮಾಡ್ಳೆ ಮರ ಕಡುದು ಹಾಕಿದ್ದರೆ, ಗಾಳಿಗೆ ಮರ ಬಿದ್ದಿದ್ದರೆ, ಆ ಸೆಸಿಯ ಗೆಲ್ಲು ಸಮೇತ ತಂದು ಇನ್ನೊಂದು ಮರಕ್ಕೆ ಕಟ್ಟಿ, ಅದು ಪುಣ್ಯದ ಕೆಲಸ. ನಿಂದ ಮರಂದ ಕೀಳುದು ಕಳ್ಳತನ. ನಿಂಗಳ ಸ್ವಂತ ತೋಟದ ಮರ ಆದರೂ ಅಲ್ಲೇ ಬಿಡಿ. ನೋಡೆಕ್ಕಾದರೆ ನಾಲ್ಕು ಹೆಜ್ಜೆ ನೆಡದರಾತು.

ನಮ್ಮವಕ್ಕೆ ಆರ್ಕಿಡ್ ಗೊಂತಿಲ್ಲೆ ಹೇಳಿ ಹೇಳಿಗೊಂಬಲೂ ಎಡಿಯ. ವೆನಿಲ್ಲಾ ಎಂತದು? ಅದುದೇ ಆರ್ಕಿಡೇ. 2003-04ರ ಹೊತ್ತಿಂಗೆ ಕ್ರಯ ಆಕಾಶಕ್ಕೆ ಹೋದಪ್ಪಗ ಬಳ್ಳಿಯ ಗೇಣು ಲೆಕ್ಕಲ್ಲಿ ಅಳದು ತಂದವು ನಾವೇ ಅಲ್ಲದೋ? ಉದಿಯಪ್ಪಗ ಒಂದು ಹೊತ್ತು ಮಾಂತ್ರ ಅರಳುವ ಹೂಗಿಂಗೆ ಸಣ್ಣ ಕಡ್ಡಿ ಹಿಡ್ಕೊಂಡು ಪರಾಗ ಮುಟ್ಟುಸಿದವು ಹೆಚ್ಚಾಗಿ ಮನೆಯ ಹೆಮ್ಮಕ್ಕಳೇ. 1841ರಲ್ಲಿ ರಿಯೂನಿಯನ್ ದ್ವೀಪಲ್ಲಿ ಎಡ್ಮಂಡ್ ಆಲ್ಬಿಯಸ್ ಹೇಳುವ 12 ವರ್ಷದ ಗುಲಾಮ ಮಾಣಿ ಕಂಡುಹಿಡುದ ಕೈಚಳಕ ಅದು. ಆ ಕಾಲಲ್ಲಿ ಬಳ್ಳಿಯ ಒಂದು ಬೇರು ಒಣಗಿರೂ ಮನೆಲಿ ಒರಕ್ಕು ಇರ್ತಿತ್ತಿಲ್ಲೆ. ಕ್ರಯ ಬಿದ್ದತ್ತು, ಅದೇ ಬಳ್ಳಿಯ ಎಳದು ಗೊಬ್ಬರದ ಗುಂಡಿಗೆ ಹಾಕಿದವು. ಗೊಂತಿಲ್ಲದ್ದಲ್ಲ. ಪೈಸೆ ಇದ್ದರೆ ಆರೈಕೆ, ಇಲ್ಲದ್ದರೆ ಗುಂಡಿ, ಅಷ್ಟೇ.

ಅದಕ್ಕೇ ಎನಗೆ ಈ ವಿಷಯಲ್ಲಿ ಇಷ್ಟು ಪಿಸುರು. ಅಡಕ್ಕೆಗೆ ಕೊಳೆರೋಗ ಬಂದರೆ ಮನೆಲಿ ಇಡೀ ದಿನ ಅದೇ ಮಾತು. ಜಾಲಿಲ್ಲಿ ಆರ್ಕಿಡಿನ ಬುಡ ಕೊಳದರೆ "ಹೆಮ್ಮಕ್ಕಳ ಮರುಳು" ಹೇಳಿ ನೆಗೆ ಮಾಡ್ತವು. ಗಂಡುಮಕ್ಕೊ ಹೇಳಿರೆ ಸಹಿಸುಲಕ್ಕು. ಆದರೆ ನಾವೇ ಆ ಕೆಲಸವ ಮರುಳು ಹೇಳಿ ಒಪ್ಪಿಗೊಂಡ ಹಾಂಗೆ, ಹೂಗು ಇಪ್ಪನ್ನಾರ ಸಂಭ್ರಮ, ಮತ್ತೆ ಉದಾಸೀನ ಮಾಡಿರೆ ಆರತ್ರೆ ಹೇಳುದು? ನಾಲ್ಕೈದು ವರ್ಷ ಒಂದು ಸೆಸಿಯ ಬೇರಿನ ಬಣ್ಣ ನೋಡಿ ನೀರು ಹಾಕುದು ಕಲಿಕೆಯೇ. ಪಿಯುಸಿ ವರೆಗೆ ಕಲ್ತ ಎನಗೆ ಅದಕ್ಕೆ ಆರೂ ಸರ್ಟಿಫಿಕೇಟು ಕೊಟ್ಟಿದವಿಲ್ಲೆ, ಬೇಕೂ ಇಲ್ಲೆ. ಆದರೆ ಆ ವರ್ಷಂಗಳ ಒಂದು ಹೊತ್ತೋಪಗ ದಾಕ್ಷಿಣ್ಯಕ್ಕೆ ಕೊರದು ಹಂಚುಲೆ ಆನು ತಯಾರಿಲ್ಲೆ.

ಎನ್ನ ಮನೆಯ ಕ್ರಮ ಈಗ ಹೀಂಗಿದ್ದು. ಗೋಡೆಯ ಕೆಲೆಂಡರಿಲ್ಲಿ ಕೇಳಿದವರ ಹೆಸರು ಬರದು ಮಡುಗುತ್ತೆ. ಏವ ಸೆಸಿ ಪಾಲಿಂಗೆ ತಯಾರಾವುತ್ತೋ ಅದರ ಸರದಿಯವಕ್ಕೆ ಫೋನು ಮಾಡ್ತೆ, ಬೇರು ಹಿಡುದ ಚಟ್ಟಿ ಸಮೇತ ಕೊಡ್ತೆ. ಕೊಡುವಗ ಒಂದೇ ಶರ್ತ: ಹೂಗು ಉದುರಿದ ಮತ್ತೆ ಇಡ್ಕೆಡಿ, ಬೇಡದ್ದರೆ ಎನಗೇ ವಾಪಾಸು ಕೊಡಿ. ಆ ಅತ್ತಿಗೆಯ ಹೆಸರೂ ಎಪ್ರಿಲಿಂಗೆ ಬಂದಿತ್ತು, ಫೋನು ಮಾಡಿದೆ. "ಎನಗೆ ಈಗ ಬೇಡ" ಹೇಳಿತ್ತು. ಅದರ ಪಾಲು ಇನ್ನೂ ಎನ್ನ ಜಾಲಿಲ್ಲೇ ಇದ್ದು, ಹೊಸ ದಂಟು ಎರಡು ಬೈಂದು. ಈಗ ಪಟ್ಟಿಲಿ ಒಳುದವು ನಾಲ್ಕು ಜೆನ. ಹೆಸರು ಸೇರುಸೆಕ್ಕಾದವು ಹೇಳಿ, ಆದರೆ ಮಾರ್ಚಿ ವರೆಗೆ ಕತ್ತಿ ಕೇಳೆಡಿ.